ಏನೂ ಆಗದ ರಾತ್ರಿಯ ಹಿಂದಿನ ಲೆಕ್ಕ

1999ರ ಡಿಸೆಂಬರ್ 31ರ ಮಧ್ಯರಾತ್ರಿ ಕಳೆದು ಹೊಸ ವರ್ಷದ ಬೆಳಗಾದಾಗ ಜಗತ್ತು ಎಂದಿನಂತೆಯೇ ಇತ್ತು. ವಿಮಾನಗಳು ಕೆಳಗೆ ಬೀಳಲಿಲ್ಲ, ಊರೂರುಗಳು ಕತ್ತಲಲ್ಲಿ ಮುಳುಗಲಿಲ್ಲ, ಬ್ಯಾಂಕುಗಳ ಖಾತೆಗಳು ಅಳಿಸಿಹೋಗಲಿಲ್ಲ. ವೈಟುಕೆ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಹಬ್ಬಿದ್ದ ಭೀತಿ ಕೆಲವೇ ದಿನಗಳಲ್ಲಿ ನಗೆಪಾಟಲಿಗೆ ಈಡಾಯಿತು. ಬೆಟ್ಟ ಅಗೆದು ಇಲಿ ಹಿಡಿದರೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಕಾಲು ಶತಮಾನದ ದೂರದಿಂದ ಮತ್ತೆ ನೋಡಿದರೆ, ಆ ಪ್ರಸಂಗದಲ್ಲಿ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಹತ್ತಿರವಾದ ಬೇರೊಂದು ಕಥೆ ಕಾಣುತ್ತದೆ. ತನ್ನಲ್ಲಿರುವ ಗಣಕ ವ್ಯವಸ್ಥೆಗಳೆಷ್ಟು, ಅವುಗಳಲ್ಲಿ ಬಾಕಿ ಇರುವ ದುರಸ್ತಿ ಯಾವುದು, ಅದನ್ನು ಯಾರು ಯಾವಾಗ ಮುಗಿಸಬೇಕು ಎಂಬುದನ್ನು ಸಂಸ್ಥೆಗಳು ಒಂದೆಡೆ ಬರೆದಿಡಲು ಕಲಿತ ಕಥೆ ಅದು.

ದೋಷದ ಮೂಲ ಮಿತವ್ಯಯದಲ್ಲಿತ್ತು. ಆರಂಭಕಾಲದ ಗಣಕಗಳಿಗೆ ಮಾಹಿತಿ ಉಣಿಸುತ್ತಿದ್ದ ಪಂಚ್ ಕಾರ್ಡಿನಲ್ಲಿ ಇದ್ದದ್ದು 80 ಅಂಕಣಗಳು ಮಾತ್ರ. ಸ್ಮರಣಕೋಶವೂ ಬಲು ದುಬಾರಿ. ಆದ್ದರಿಂದ 1965 ಎಂಬುದನ್ನು 65 ಎಂದಷ್ಟೇ ಬರೆಯುವುದು ರೂಢಿಯಾಯಿತು. ಆ ಪ್ರೋಗ್ರಾಂಗಳು ಶತಮಾನದ ಕೊನೆಯವರೆಗೆ ಬಾಳಿಯಾವೆಂದು ಬರೆದವರು ಎಣಿಸಿರಲಿಲ್ಲ. ಅವು ಬಾಳಿದವು. 00 ಎಂದರೆ 1900 ಎಂದು ತಿಳಿಯುವ ಗಣಕ ಪಿಂಚಣಿಯನ್ನೂ ಬಡ್ಡಿಯನ್ನೂ ವಯಸ್ಸನ್ನೂ ತಲೆಕೆಳಗಾಗಿ ಲೆಕ್ಕ ಹಾಕುವ ಸಂಭವವಿತ್ತು. ಸಾಲದ್ದಕ್ಕೆ, ನೂರರಿಂದ ಭಾಗವಾಗುವ ವರ್ಷಗಳು ಸಾಮಾನ್ಯವಾಗಿ ಅಧಿಕ ವರ್ಷಗಳಲ್ಲ. ನಾನೂರರಿಂದಲೂ ಭಾಗವಾಗುವ 2000 ಅಧಿಕ ವರ್ಷ. ಈ ಎರಡನೆಯ ನಿಯಮವನ್ನು ಕೆಲವು ಪ್ರೋಗ್ರಾಂಗಳು ಮರೆತಿದ್ದವು.

ಒಂದೊಂದು ಸಾಲನ್ನು ತಿದ್ದುವುದು ಕಷ್ಟವಾಗಿರಲಿಲ್ಲ. ತಿದ್ದಬೇಕಾದ ಸಾಲು ಎಲ್ಲೆಲ್ಲಿದೆ ಎಂಬುದೇ ಯಾರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತ 1989ರಲ್ಲಿಯೇ ಈ ಹುಡುಕಾಟ ಆರಂಭಿಸಿತು. ಮಿಕ್ಕ ಇಲಾಖೆಗಳು ಬಹುಕಾಲ ಸುಮ್ಮನಿದ್ದವು. 1997ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ ಈ ಸಮಸ್ಯೆಯನ್ನು ಅತಿ ಅಪಾಯದ ವಿಷಯಗಳ ಪಟ್ಟಿಗೆ ಸೇರಿಸಿ, ಒಂದು ಮಾರ್ಗದರ್ಶಿಯನ್ನೂ ಹೊರತಂದಿತು. ಅದರಲ್ಲಿ ಐದು ಹಂತಗಳಿದ್ದವು: ಅರಿವು, ಅಂದಾಜು, ದುರಸ್ತಿ, ಪರೀಕ್ಷೆ, ಜಾರಿ. ಹೆಚ್ಚಿನ ಬೆವರು ಹರಿದದ್ದು ದುರಸ್ತಿಗೂ ಪರೀಕ್ಷೆಗೂ. ಆದರೆ ಎಲ್ಲಕ್ಕೂ ತಳಪಾಯವಾದದ್ದು ಅಂದಾಜಿನ ಹಂತ. ಪ್ರತಿಯೊಂದು ವ್ಯವಸ್ಥೆಯನ್ನೂ ಪಟ್ಟಿಮಾಡಬೇಕು. ಅದು ನಿಂತರೆ ಇಲಾಖೆಯ ಮುಖ್ಯ ಕೆಲಸವೇ ನಿಲ್ಲುವುದೋ ಇಲ್ಲವೋ ನಿರ್ಧರಿಸಬೇಕು. ತಿದ್ದುವುದೋ, ಬದಲಿಸುವುದೋ, ಕೈಬಿಡುವುದೋ ಎಂದು ಎದುರಿಗೆ ಬರೆಯಬೇಕು. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ನೇಮಿಸಿದ ಮಂಡಳಿಗೆ ಜಾನ್ ಕೊಸ್ಕಿನೆನ್ ಮುಖ್ಯಸ್ಥರಾದರು. ಇಲಾಖೆಗಳು ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ ಒಪ್ಪಿಸುತ್ತಿದ್ದವು. ಸಂಸದ ಸ್ಟೀಫನ್ ಹಾರ್ನ್ ಆ ಇಲಾಖೆಗಳಿಗೆ ಶಾಲಾಮಕ್ಕಳಿಗೆ ಕೊಡುವಂತೆ ದರ್ಜೆ ಕೊಟ್ಟು ಸಾರ್ವಜನಿಕವಾಗಿ ಪ್ರಕಟಿಸುತ್ತಿದ್ದರು. ಹಲವು ಇಲಾಖೆಗಳು ನಪಾಸಾದವು. 1999ರ ಮಾರ್ಚ್ 31ರ ಗಡುವಿನ ಹೊತ್ತಿಗೆ ಮುಖ್ಯ ವ್ಯವಸ್ಥೆಗಳಲ್ಲಿ ಶೇಕಡಾ 92ರಷ್ಟು ಸಿದ್ಧವಾಗಿದ್ದವು. ಅಲ್ಲಿನ ಕೇಂದ್ರ ಸರ್ಕಾರವೊಂದೇ ಇದಕ್ಕೆ 800 ಕೋಟಿ ಡಾಲರಿಗೂ ಹೆಚ್ಚು ವೆಚ್ಚ ಮಾಡಿತು.

ಇಷ್ಟು ಕೆಲಸಕ್ಕೆ ಪಶ್ಚಿಮದಲ್ಲಿ ಕೈಗಳು ಸಾಲಲಿಲ್ಲ. ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದುಗಳ ತರುಣರು ಕೋಬಾಲ್ ಕಲಿತು, ತಾವು ಹುಟ್ಟುವ ಮುಂಚೆ ಯಾರೋ ಬರೆದಿದ್ದ ಸಾಲುಗಳಲ್ಲಿ ಎರಡಂಕಿಯ ವರ್ಷಗಳನ್ನು ಹುಡುಕಿ ತಿದ್ದಿದರು. ನಮ್ಮ ಸಾಫ್ಟ್‌ವೇರ್ ಉದ್ಯಮವನ್ನು ಹೊಸತನದ ಸಂಕೇತವೆಂದು ಹೊಗಳುವಾಗ ಒಂದು ಸಂಗತಿಯನ್ನು ಮರೆಯುತ್ತೇವೆ: ಪಶ್ಚಿಮದ ಸಂಸ್ಥೆಗಳ ವಿಶ್ವಾಸವನ್ನು ಅದು ಬಹುಮಟ್ಟಿಗೆ ಗಳಿಸಿದ್ದು ಪರರ ಹಳೆಯ ಮನೆಗಳ ಸೋರುವ ಸೂರನ್ನು ಸರಿಪಡಿಸಿ.

ಹಾಗೆಂದು ಯಾವ ಅನಾಹುತವೂ ಆಗಲಿಲ್ಲವೆನ್ನುವಂತಿಲ್ಲ. ಕಾಲವನ್ನು ಅಳೆಯುವ ಸಂಸ್ಥೆಯಾದ ಅಮೆರಿಕದ ನೌಕಾ ವೀಕ್ಷಣಾಲಯದ ಜಾಲತಾಣವೇ ಅಂದು ವರ್ಷವನ್ನು 19100 ಎಂದು ತೋರಿಸಿತು. ಅದು ನಕ್ಕು ಮರೆಯುವಂಥದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಡೆದದ್ದು ಹಾಗಲ್ಲ. ಅಲ್ಲಿನ ಆಸ್ಪತ್ರೆಯ ಗಣಕ ಗರ್ಭಿಣಿಯರ ವಯಸ್ಸನ್ನು ತಪ್ಪಾಗಿ ಎಣಿಸಿ, ಹುಟ್ಟುವ ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವವನ್ನು ತಪ್ಪಾಗಿ ತಿಳಿಸಿತು. 154 ಮಹಿಳೆಯರಿಗೆ ತಪ್ಪು ಫಲಿತಾಂಶ ತಲುಪಿದ ಸಂಗತಿ ಬೆಳಕಿಗೆ ಬರಲು ತಿಂಗಳುಗಳೇ ಹಿಡಿದವು. ತಿದ್ದದೆ ಉಳಿದ ಒಂದು ಯಂತ್ರ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಟಲಿಯಂಥ ದೇಶಗಳು ತೀರ ತಡವಾಗಿ, ಕಡಿಮೆ ಖರ್ಚಿನಲ್ಲಿ ಸಿದ್ಧವಾದರೂ ಅಲ್ಲೇನೂ ಕೆಡಲಿಲ್ಲವಲ್ಲ ಎಂದು ಟೀಕಾಕಾರರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಕೆಲವೆಡೆ ದುಂದುವೆಚ್ಚ ಆಗಿದ್ದಿರಲೂಬಹುದು. ಆದರೆ ಎಲ್ಲರೂ ಕೊಳ್ಳುತ್ತಿದ್ದ ತಂತ್ರಾಂಶವನ್ನು ತಯಾರಕರು ಒಮ್ಮೆ ಸರಿಪಡಿಸಿದರೆ, ತಡವಾಗಿ ಎದ್ದವರಿಗೂ ಅದರ ಫಲ ದೊರಕುತ್ತದೆ.

ಈ ವಾದಕ್ಕಿಂತ ಗಟ್ಟಿಯಾದ ಉತ್ತರವನ್ನು ಕೊಟ್ಟದ್ದು 2017. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ಬಿರುಕಿಗೆ ತೇಪೆ ಬಿಡುಗಡೆ ಮಾಡಿತು. ಎರಡು ತಿಂಗಳೊಳಗೆ, ಮೇ 12ರಂದು, ಅದೇ ಬಿರುಕಿನ ಮೂಲಕ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ನುಗ್ಗಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಆಸ್ಪತ್ರೆ ಸಂಸ್ಥೆಗಳಲ್ಲಿ ಕನಿಷ್ಠ 80 ತೊಂದರೆಗೀಡಾದವು. ಸುಮಾರು 19,000 ಚಿಕಿತ್ಸಾ ಭೇಟಿಗಳು ರದ್ದಾದವೆಂಬ ಅಂದಾಜಿದೆ. ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಅದೇ ಅಕ್ಟೋಬರಿನಲ್ಲಿ ಕೊಟ್ಟ ವರದಿ ನಮ್ಮಂಥ ನೌಕರರು ಓದಲೇಬೇಕಾದದ್ದು. ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ಕೈಬಿಡಬೇಕೆಂದು 2014ರಲ್ಲಿಯೇ ಪತ್ರ ಹೋಗಿತ್ತು. ತೇಪೆ ಹಾಕಿರೆಂದು ಮಾರ್ಚ್, ಏಪ್ರಿಲ್‌ಗಳಲ್ಲಿ ಎಚ್ಚರಿಕೆಯೂ ಹೋಗಿತ್ತು. ಆದರೆ ಆ ಸೂಚನೆಯನ್ನು ಯಾವ ಆಸ್ಪತ್ರೆ ಪಾಲಿಸಿತು, ಯಾವುದು ಪಾಲಿಸಲಿಲ್ಲ ಎಂದು ತಿಳಿಯುವ ವಿಧಿಬದ್ಧ ಏರ್ಪಾಡು ಇಲಾಖೆಯಲ್ಲಿ ಇರಲಿಲ್ಲ. ಸುತ್ತೋಲೆ ರವಾನೆಯಾಯಿತು, ಅದರ ಬೆನ್ನು ಹಿಡಿದವರಿರಲಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟಾಗ ತಂತ್ರಜ್ಞಾನದ ಅಂತರ ಗೌಣವಾಗುತ್ತದೆ. ಎರಡೂ ಕಡೆ ದೋಷ ಗೊತ್ತಿತ್ತು, ಪರಿಹಾರವೂ ಕೈಯಲ್ಲಿತ್ತು. ಒಂದು ಕಡೆ ಪ್ರತಿ ವ್ಯವಸ್ಥೆಯ ಎದುರಿಗೂ ಹೊಣೆಗಾರರ ಹೆಸರು, ಗಡುವು, ಕೇಳುವವರು ಇದ್ದರು. ಇನ್ನೊಂದು ಕಡೆ ಸೂಚನೆ ಮಾತ್ರ ಇತ್ತು. ನಮ್ಮ ಹಿರಿಯರು ಕೆರೆಯ ವಿಷಯದಲ್ಲಿ ಇದನ್ನು ಅರಿತಿದ್ದರು. ಕೆರೆ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಸುಮ್ಮನಾಗದೆ, ಅದರ ಪಾಲನೆಗೆಂದು ಬಿತ್ತುವಟ್ಟದ ಭೂಮಿಯನ್ನೂ ಬಿಟ್ಟುಕೊಟ್ಟದ್ದು ಕರ್ನಾಟಕದ ಶಾಸನಗಳಲ್ಲಿ ದಾಖಲಾಗಿದೆ.

ಮುಂದಿನ ಗಡುವು ಈಗಲೇ ಗೊತ್ತಿದೆ. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುವ 32 ಬಿಟ್ ಗಣಕಗಳ ಎಣಿಕೆ 2038ರ ಜನವರಿ 19ರಂದು, ಭಾರತೀಯ ಕಾಲಮಾನದಲ್ಲಿ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಮರುಕ್ಷಣ ಅವು 1901ನೆಯ ಇಸವಿಗೆ ಜಾರುತ್ತವೆ. ಹೊಸ ಗಣಕಗಳು ಬಹುಮಟ್ಟಿಗೆ ಸುರಕ್ಷಿತ. ಗೋಡೆಯ ಮೂಲೆಯಲ್ಲಿ, ಯಂತ್ರದ ಹೊಟ್ಟೆಯಲ್ಲಿ ಕುಳಿತ ಹಳೆಯವುಗಳ ಮಾತು ಬೇರೆ. ಇಂದು ನಲವತ್ತು ದಾಟಿದ ನಮ್ಮಲ್ಲಿ ಅನೇಕರು ಆ ಹೊತ್ತಿಗೆ ನಿವೃತ್ತರಾಗಿ, ಪಿಂಚಣಿಗಾಗಿ ಅಂಥದೇ ಯಾವುದೋ ಗಣಕವನ್ನು ನಂಬಿಕೊಂಡಿರುತ್ತೇವೆ. ಕುರ್ಚಿ ಬಿಡುವ ಮುನ್ನ ಆ ಯಂತ್ರಗಳ ಹೆಸರು, ಅವುಗಳಿಗೆ ಆಗಬೇಕಾದ ಕೆಲಸ, ಅದರ ದಿನಾಂಕ, ಹೊಣೆಗಾರರ ಹೆಸರು, ಇಷ್ಟನ್ನು ಪಟ್ಟಿಯಲ್ಲಿ ಬರೆದಿಟ್ಟು ಬರುವುದು ನಮ್ಮ ಕೈಯಲ್ಲೇ ಇದೆ.