ಹಾಸಿಗೆ ನೀವೇ ತರಬೇಕು

ಹಾಸ್ಟೆಲ್ ಸೀಟು ಸಿಕ್ಕ ಮೇಲೆ ಕಾಲೇಜಿನಿಂದ ಒಂದು ಪಟ್ಟಿ ಬರುತ್ತೆ. ಬಕೆಟ್, ಬೀಗ, ತಟ್ಟೆ, ಲೋಟ. ಜೊತೆಗೆ ಒಂದು ಸಾಲು: ಹಾಸಿಗೆ, ಹೊದಿಕೆ ವಿದ್ಯಾರ್ಥಿಗಳೇ ತರತಕ್ಕದ್ದು. ನಾವೆಲ್ಲ ಓದಿ ಮರೆತ ಸಾಲು ಇದು. ಆದರೆ ಇದರ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆ ಇದೆ.

ನಮ್ಮ ಕಡೆ ಹಾಸ್ಟೆಲ್‌ಗಳು ಹುಟ್ಟಿದ್ದೇ ಓದೋಕೆ ಬಂದ ಹಳ್ಳಿ ಮಕ್ಕಳಿಗೆ ಪೇಟೆಯಲ್ಲಿ ಮಲಗೋಕೆ ಜಾಗ ಸಿಗದೇ ಇದ್ದಾಗ. ಮಂಗಳೂರಿನಲ್ಲಿ 1897ರಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತ ಮಕ್ಕಳಿಗೆ ಶಾಲೆಯ ಜೊತೆ ವಸತಿಯನ್ನೂ ಮಾಡಿದರು. ಗಡಿಯಾಚೆ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮರಾಠ, ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯ ಅಂತ ಒಂದೊಂದು ಸಮುದಾಯಕ್ಕೂ ವಿದ್ಯಾರ್ಥಿ ನಿಲಯಗಳನ್ನ ತೆರೆಸುತ್ತಾ ಹೋದರು. ಮೈಸೂರು ಸೀಮೆಯಲ್ಲಿ ಸಮುದಾಯದ ಸಂಘಗಳು, ಉತ್ತರದ ಕಡೆ ಮಠಗಳು ಅದೇ ಕೆಲಸಕ್ಕೆ ಇಳಿದವು. ಜಾತಿಗೊಂದು ಹಾಸ್ಟೆಲ್ ಯಾಕೆ ಅಂತ ಇವತ್ತು ಕೇಳೋದು ಸುಲಭ. ಅವತ್ತು ಬೇರೆ ಜಾತಿಯ ಹುಡುಗನಿಗೆ ಯಾರೂ ಕೋಣೆ ಬಾಡಿಗೆಗೆ ಕೊಡ್ತಿರಲಿಲ್ಲ, ಪಂಕ್ತಿಯಲ್ಲಿ ಕೂರಿಸಿ ಬಡಿಸ್ತಿರಲಿಲ್ಲ. ಹಾಸಿಗೆಯೂ ಅನ್ನದ ಹಾಗೇ. ಮಡಿ ಇರೋ ಮನೆಯಲ್ಲಿ ಹಾಸಿಗೆ ಮುಟ್ಟಿದರೆ ಮೈಲಿಗೆ.

ಅಂಥ ನಿಲಯಗಳಲ್ಲಿ ಸೂರು ಸಿಗ್ತಿತ್ತು, ಊಟ ಸಿಗ್ತಿತ್ತು. ಹಾಸಿಗೆ ಮಾತ್ರ ಮನೆಯಿಂದಲೇ ಬರಬೇಕು. ಹುಡುಗನ ಕಂಕುಳಲ್ಲಿದ್ದ ಸುರುಳಿ ನೋಡಿದರೆ ಯಾವ ಸೀಮೆಯವನು ಅಂತ ಹೇಳಬಹುದಿತ್ತು. ಚಿತ್ರದುರ್ಗ, ಚಳ್ಳಕೆರೆ ಕಡೆಯವನಾದರೆ ಹುಣಸೆಬೀಜದ ಗಂಜಿ ಹಾಕಿ ನೇಯ್ದ ಕಂಬಳಿ. ಮೈಗೆ ಚುಚ್ಚಿದರೂ ಮಳೆ ತಡೆಯುತ್ತೆ. ಧಾರವಾಡದ ಕಡೆ ಅಮ್ಮ, ಅಜ್ಜಿಯರ ಹಳೇ ಸೀರೆಗಳನ್ನ ಪದರ ಪದರ ಸೇರಿಸಿ ಹೊಲಿದ ಕೌದಿ. ಅನುಕೂಲಸ್ಥರಾದರೆ ನವಲಗುಂದದ ಹೆಣ್ಣುಮಕ್ಕಳು ನೇಯ್ದ ಜಮಖಾನೆ. ಮಲೆನಾಡು, ಕರಾವಳಿಯವರ ಹತ್ತಿರ ಚಾಪೆ.

ನಮ್ಮಪ್ಪ ಎಪ್ಪತ್ತರ ದಶಕದಲ್ಲಿ ಹಾವೇರಿ ಕಡೆಯ ಹಳ್ಳಿಯಿಂದ ಧಾರವಾಡಕ್ಕೆ ಓದೋಕೆ ಹೋದಾಗ ಅಜ್ಜಿ ಕಟ್ಟಿಕೊಟ್ಟಿದ್ದು ಒಂದು ಕೌದಿ, ಒಂದು ಕಂಬಳಿ. ಮನೆಯಲ್ಲಿ ಇದ್ದಿದ್ದೇ ಎರಡು ಕಂಬಳಿ. ಅಪ್ಪ ಡಿಗ್ರಿ ಮುಗಿಸೋ ತನಕ, ಮೂರು ಚಳಿಗಾಲ, ನಮ್ಮಜ್ಜ ಮತ್ತು ಕಾಕಾ ಉಳಿದ ಒಂದನ್ನೇ ಹಂಚಿಕೊಂಡು ಮಲಗಿದರು. ಕಾಕಾ ಕಾಲೇಜಿಗೆ ಹೋಗಲಿಲ್ಲ. ಕಾರಣ ಬರೀ ಕಂಬಳಿ ಅಂತ ಹೇಳಲಾರೆ. ಆದರೆ ಇನ್ನೊಬ್ಬ ಮಗನನ್ನ ಕಳಿಸೋಕೆ ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ ಅನ್ನೋದಂತೂ ನಿಜ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇರೋರಿಗೆ ಅದು ಬುದ್ಧಿಮಾತು, ಇಲ್ಲದೋರಿಗೆ ಕಾಲು ಮಡಚಿಕೋ ಅನ್ನೋ ಅಪ್ಪಣೆ. ಎಪ್ಪತ್ತರ ದಶಕದಲ್ಲಿ ಸರ್ಕಾರವೇ ಈ ಗಾದೆಗೆ ಸ್ವಲ್ಪ ತಿದ್ದುಪಡಿ ಮಾಡಿತು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು ಅದೇ ವರ್ಷ ಹಾವನೂರು ಆಯೋಗ ನೇಮಿಸಿದರು. 1975ರಲ್ಲಿ ಅದರ ವರದಿ ಬಂತು. ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ಊರೂರಿಗೆ ಹಬ್ಬಿದವು. ಸರ್ಕಾರಿ ನಿಲಯಗಳ ಸೌಲಭ್ಯದ ಪಟ್ಟಿಗೆ ಊಟದ ಜೊತೆ ಹಾಸಿಗೆ, ಹೊದಿಕೆಯೂ ಸೇರಿತು. ಅದೇ ದಶಕದಲ್ಲಿ, 1977ರಿಂದ 79ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆ, ಎರಡನೇ ದರ್ಜೆಯ ಮರದ ಬರ್ತ್‌ಗಳಿಗೆ ಎರಡು ಇಂಚಿನ ಫೋಮ್ ಹಾಕಿಸೋಕೆ ಶುರುಮಾಡಿದರು. ಬಡವರ ಬೆನ್ನಿಗೂ ಮೆತ್ತಗಿರೋದು ಬೇಕು ಅಂತ ಯಾರೋ ಕಡತದಲ್ಲಿ ಬರೆದು ಸಹಿ ಹಾಕಿದ್ದರಿಂದ ಆಗಿದ್ದು ಇವೆರಡೂ.

ಹಾಸಿಗೆಯೂ ಅಷ್ಟರಲ್ಲಿ ಬದಲಾಗ್ತಾ ಇತ್ತು. ಹತ್ತಿ ಹಾಸಿಗೆ ಒಂದೆರಡು ವರ್ಷಕ್ಕೆ ಗಂಟು ಕಟ್ಟುತ್ತೆ. ಆಗ ಪಿಂಜಾರರು ಬಿಲ್ಲು ಹಿಡಿದು ಬಂದು, ಟಂಯ್ ಟಂಯ್ ಅಂತ ಹತ್ತಿ ಹಿಂಜಿ ಹೊಸದು ಮಾಡಿಕೊಡೋರು. ಹಾಸ್ಟೆಲ್ ರೂಮಿನಲ್ಲಿ ಅದೆಲ್ಲ ಆಗೋ ಮಾತಲ್ಲ. ತೆಂಗಿನ ನಾರಿಗೆ ರಬ್ಬರ್ ಹಾಲು ಬೆರೆಸಿ ಮಾಡಿದ ಕಾಯರ್ ಹಾಸಿಗೆ ಈ ತಾಪತ್ರಯ ತಪ್ಪಿಸಿತು. ಅದನ್ನ ಮನೆಮಾತು ಮಾಡಿದ ಕರ್ಲಾನ್ 1962ರಲ್ಲಿ ಮಣಿಪಾಲದ ಪೈ ಕುಟುಂಬದಿಂದ ಹುಟ್ಟಿದ್ದು. ಹಾಸ್ಟೆಲ್‌ಗಳಿಂದಲೇ ತುಂಬಿರೋ ಊರು ದೇಶಕ್ಕೆ ಹಾಸಿಗೆಯನ್ನೂ ಕೊಟ್ಟಿತು! 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೇಕ್‌ಫಿಟ್ ಫೋಮ್ ಹಾಸಿಗೆಯನ್ನ ಮೊಬೈಲಲ್ಲೇ ಆರ್ಡರ್ ಮಾಡೋ ಸಾಮಾನು ಮಾಡಿತು.

ಈ ವರ್ಷ ಇಂಜಿನಿಯರಿಂಗ್ ಸೇರಿದ ನಮ್ಮಕ್ಕನ ಮಗಳು "ಮಾಮಾ, ನಾಲ್ಕು ಇಂಚಿಂದು ಸಾಕಾ, ಆರು ಇಂಚಿಂದು ಬೇಕಾ?" ಅಂತ ಲಿಂಕ್ ಮೇಲೆ ಲಿಂಕ್ ಕಳಿಸಿದಳು. ಮೊದಲು ಮಂಚ ಅಳತೆ ಮಾಡು ಅಂದೆ. ಮಾಮೂಲಿ ಆರಡಿಗೆ ಮೂರಡಿ ಇರುತ್ತೆ, ಇಂಚಿನಲ್ಲಿ 72-36. ಒಂದಿಂಚು ಹೆಚ್ಚಾದರೂ ಗೋಡೆಗೆ ಎದ್ದು ನಿಲ್ಲುತ್ತೆ. ನಾಲ್ಕು ಇಂಚು ಸಾಕು, ಹತ್ತಿಯ ಬೆಡ್‌ಶೀಟ್ ಎರಡಿರಲಿ. ಅವಳು ಆರು ಇಂಚಿಂದೇ ತಗೊಂಡಳು, ಬಿಡಿ.

ಅವಳಿಗೆ ಇದು ಆಯ್ಕೆಯ ಪ್ರಶ್ನೆ. ಆದರೆ ಹಾಸಿಗೆ ಇನ್ನೂ ಬಂದಿಲ್ಲ ಅಂತ ಸರ್ಕಾರಿ ಹಾಸ್ಟೆಲ್ ಮಕ್ಕಳು ರಸ್ತೆಗಿಳಿಯೋ ಸುದ್ದಿ ಇವತ್ತಿಗೂ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರ್ತಾನೇ ಇರುತ್ತೆ. ಎಷ್ಟೋ ಮನೆಗಳಲ್ಲಿ ಆ ಪಟ್ಟಿ ಓದಿದ ಮೇಲೆ ಈಗಲೂ ಕಂಬಳಿ ಎಣಿಸ್ತಾರೆ. ನಿಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಈ ಸಲ ಬೆಳ್ಳಿಹಬ್ಬಕ್ಕೆ ಕಮಾನು ಕಟ್ಟಿಸೋಣ ಅಂತ ದುಡ್ಡು ಎತ್ತುತ್ತಾ ಇದ್ದರೆ, ಒಂದು ಮಾತು ಕೇಳಿ ನೋಡಿ: ಹಾಸ್ಟೆಲ್ಲಿನಲ್ಲಿ ಎಷ್ಟು ಹಾಸಿಗೆ ಕಮ್ಮಿ ಇದೆ?