ದುಭಾಷಿ ಯಾರ ಕಡೆಯವರು?

ಪುಣೆಯ ಸಂಗಮ ಸೇತುವೆಯ ಮೇಲೆ ದಿನಾ ಓಡಾಡುವ ನಮ್ಮಲ್ಲಿ ಹೆಚ್ಚಿನವರ ಗಮನ ಟ್ರಾಫಿಕ್ ಮೇಲೆಯೇ ಇರುತ್ತದೆ. ಮುಳಾ, ಮುಠಾ ನದಿಗಳು ಕೂಡುವ ಈ ಜಾಗದಲ್ಲಿ ಒಂದು ಕಾಲಕ್ಕೆ ಬ್ರಿಟಿಷ್ ರೆಸಿಡೆನ್ಸಿ ಇತ್ತು. 1786ರಲ್ಲಿ ಚಾರ್ಲ್ಸ್ ಮ್ಯಾಲೆಟ್ ಪೇಶ್ವೆಯ ದರ್ಬಾರಿಗೆ ರೆಸಿಡೆಂಟ್ ಆಗಿ ಬಂದ. ಇಲ್ಲಿಂದ ಶನಿವಾರವಾಡೆ ಹೆಚ್ಚು ದೂರವೇನಿಲ್ಲ. ಆದರೆ ಎರಡು ಮನೆಗಳ ನಡುವಿನ ಭಾಷೆಯ ದೂರ ದೊಡ್ಡದು. ಅಲ್ಲಿ ಮರಾಠಿ, ಇಲ್ಲಿ ಇಂಗ್ಲಿಷ್, ರಾಜತಾಂತ್ರಿಕ ಕಾಗದಗಳಿಗೆ ಪರ್ಶಿಯನ್. ಆ ದೂರವನ್ನು ದಿನವೂ ದಾಟುತ್ತಿದ್ದವರು ಮುನ್ಷಿಗಳು, ವಕೀಲರು, ದುಭಾಷಿಗಳು. ಅವರನ್ನು ಯಾರು, ಏನು ನೋಡಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು?

ನಾನು ಇತಿಹಾಸ ಓದಿದವಳಲ್ಲ, ಎಂಟೆಕ್ ಮಾಡಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಆದರೂ ನಮ್ಮ ತಂಡ ಜಪಾನಿ ಗ್ರಾಹಕರ ಜೊತೆ ಕೆಲಸ ಮಾಡುವುದರಿಂದ ದುಭಾಷಿಗಳನ್ನು ಆರಿಸುವ ಮೀಟಿಂಗುಗಳಲ್ಲಿ ಕೂತಿದ್ದೇನೆ. ಅಲ್ಲಿ ಕೇಳಿದ ಪ್ರಶ್ನೆಗಳು ಎಷ್ಟು ಹಳೆಯವು ಎಂದು ತಿಳಿಯುವ ಕುತೂಹಲದಿಂದ ಓದಲು ಶುರು ಮಾಡಿದೆ. ಓದುತ್ತಾ ಹೋದಂತೆ ಸಿಕ್ಕಿದ್ದು ನಮ್ಮ ಹುಬ್ಬಳ್ಳಿ ಧಾರವಾಡದ ಸುದ್ದಿ!

ಮೊದಲು ರಾಯಗಡಕ್ಕೆ ಹೋಗೋಣ. 1674ರ ಜೂನ್ 6ರಂದು ಶಿವಾಜಿ ಮಹಾರಾಜರ ಪಟ್ಟಾಭಿಷೇಕ. ಮುಂಬೈಯಿಂದ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಹೆನ್ರಿ ಆಕ್ಸಿಂಡನ್ ಬಂದಿದ್ದ. ಬಂದದ್ದು ಬರೀ ಹಬ್ಬದೂಟಕ್ಕಲ್ಲ. ರಾಜಾಪುರದ ಕೋಠಿಯಲ್ಲಿ ಆದ ನಷ್ಟ ಕೊಡಿ, ಹಿಂದಿನ ವರ್ಷ ಮರಾಠಾ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಹೋದ ನಮ್ಮ ಸರಕಿನ ಹಣವನ್ನೂ ಕೊಡಿ ಎಂದು ಕೇಳುವುದು ಅವನ ಕೆಲಸವಾಗಿತ್ತು. ಅವನ ಬಾಯಿ ಮತ್ತು ಕಿವಿ ಆಗಿದ್ದವರು ನಾರಾಯಣ ಶೇಣ್ವಿ. ಕಂಪನಿ ಇವರನ್ನು ಆಕ್ಸಿಂಡನ್‌ಗಿಂತ ತಿಂಗಳುಗಳ ಮುಂಚೆಯೇ ರಾಯಗಡಕ್ಕೆ ಕಳಿಸಿತ್ತು. ಮಹಾರಾಜರ ರಾಣಿ ಕಾಶೀಬಾಯಿ ತೀರಿಕೊಂಡು ಸೂತಕವಿದ್ದ ಕಾರಣ ಅವರು ಬೆಟ್ಟದ ಬುಡದಲ್ಲೇ ಕಾಯಬೇಕಾಯಿತು. ಕಾದರು, ನಿರಾಜಿ ಪಂಡಿತರ ಪರಿಚಯ ಬೆಳೆಸಿಕೊಂಡರು, ಮಾತಿಗೆ ದಾರಿ ಮಾಡಿದರು. ಸಾಹೇಬ ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿತ್ತು ಎಂದೇ ನನಗನ್ನಿಸುತ್ತದೆ.

ಆಕ್ಸಿಂಡನ್ ಬರೆದಿಟ್ಟ ದಿನಚರಿಯಲ್ಲಿ ಪಟ್ಟಾಭಿಷೇಕದ ದಿನದ ಒಂದು ವಿವರ ಇದೆ. ದರ್ಬಾರು ತುಂಬಿ ತುಳುಕುತ್ತಿತ್ತು, ಇಂಗ್ಲಿಷರು ದೂರದಲ್ಲಿ ನಿಂತಿದ್ದರು. ಆಗ ನಾರಾಯಣ ಶೇಣ್ವಿ, ಕಾಣಿಕೆ ಕೊಡಲು ತಂದಿದ್ದ ವಜ್ರದ ಉಂಗುರವನ್ನು ಕೈಯೆತ್ತಿ ಹಿಡಿದರು. ಅದು ಮಹಾರಾಜರ ಕಣ್ಣಿಗೆ ಬಿತ್ತು, ಹತ್ತಿರ ಬರಲು ಅಪ್ಪಣೆಯಾಯಿತು. ಒಂದು ಮಾತಿನ ಅನುವಾದವೂ ಇಲ್ಲದೆ ಆದ ಕೆಲಸ! ಎಲ್ಲಿ ನಿಲ್ಲಬೇಕು, ಯಾವಾಗ ಕೈ ಎತ್ತಬೇಕು ಎಂದು ಗೊತ್ತಿರುವವರನ್ನೇ ಕಂಪನಿ ಆರಿಸಿತ್ತು. ಅಂದಹಾಗೆ, ರಾಜಾಪುರದ ನಷ್ಟಕ್ಕೆ ಪರಿಹಾರ ಕೊಡಲು ಮಹಾರಾಜರು ಒಪ್ಪಿದರು, ಹುಬ್ಬಳ್ಳಿಯದಕ್ಕೆ ಒಪ್ಪಲಿಲ್ಲ. ಎಂಥ ದುಭಾಷಿ ಇದ್ದರೂ ಸಿಗದ್ದು ಸಿಗುವುದಿಲ್ಲ.

ಶೇಣ್ವಿಗಳು ಗೋವೆಯ ಕಡೆಯ ಸಾರಸ್ವತರು. ಕರಾವಳಿಯ ವ್ಯಾಪಾರಕ್ಕೆ ಆಗ ಪೋರ್ಚುಗೀಸ್ ಭಾಷೆ ನಡೆಯುತ್ತಿತ್ತು. ಕೊಂಕಣಿ, ಮರಾಠಿ, ಪೋರ್ಚುಗೀಸ್ ಮೂರೂ ಬಲ್ಲವರು ಆ ಸಮುದಾಯದಲ್ಲಿ ಸಿಗುತ್ತಿದ್ದರು. ಆದರೆ ಬಾಡಿಗೆಗೆ ಸಿಗುವ ನಾಲಿಗೆಯ ಹಿಂದೆ ಇರುವ ಮನಸ್ಸು ಯಾರದು ಎಂಬ ಅನುಮಾನ ಬಿಳಿಯರನ್ನು ಬಿಡಲೇ ಇಲ್ಲ. ಮದರಾಸಿನಲ್ಲಿ 'ದುಬಾಶ್' ಎಂಬ ಪದವೇ ಹತ್ತಿರಹತ್ತಿರ ಬೈಗುಳದಂತಾಯಿತು. 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಪ್ರಾಂತ ಕೈಗೆ ಬಂದಾಗ ಕಾರ್ನ್‌ವಾಲಿಸ್ ಅಲ್ಲಿನ ಆಡಳಿತಕ್ಕೆ ಸಿವಿಲ್ ಅಧಿಕಾರಿಗಳನ್ನು ಬಿಟ್ಟು ಅಲೆಗ್ಸಾಂಡರ್ ರೀಡ್, ಥಾಮಸ್ ಮನ್ರೋ ಮುಂತಾದ ಸೈನ್ಯದವರನ್ನು ಹಾಕಿದ್ದಕ್ಕೆ ಒಂದು ಕಾರಣ ಇದೇ. ಸಿವಿಲ್ ಅಧಿಕಾರಿಗಳಿಗೆ ಊರ ಭಾಷೆ ಬಾರದು, ಅವರೆಲ್ಲ ದುಬಾಶರ ಕೈಗೊಂಬೆಗಳು ಎಂಬುದು ಅವನ ದೂರು.

ಹಾಗೆಂದು ಎಲ್ಲರ ಅನುಭವವೂ ಒಂದೇ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿಗೆ ಇಲ್ಲಿನ ಯಾವ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ. ನಾವಿಂದು ಹೆಮ್ಮೆಯಿಂದ ಹೇಳುವ ಶಾಸನ, ಕೈಫಿಯತ್ತುಗಳ ಸಂಗ್ರಹ ನಿಂತಿರುವುದು ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇಂಥವರ ಮೇಲೆ. ಬೋರಯ್ಯ ಇನ್ನೂ ಮೂವತ್ತು ತುಂಬುವ ಮುಂಚೆ 1803ರಲ್ಲಿ ತೀರಿಕೊಂಡರು. ಈ ನೆಲದ ಬಗ್ಗೆ ತಿಳಿಯುವ ಬಾಗಿಲು ತೆರೆದದ್ದೇ ಬೋರಯ್ಯನಿಂದ ಎಂದು ಮೆಕೆಂಜಿ ಆಮೇಲೂ ಒಪ್ಪಿಕೊಂಡಿದ್ದಾನೆ. ಜೈನರ ಬಸದಿಗೆ ಹೋಗಿ ಕೇಳಲು ಜೈನ ಪಂಡಿತರನ್ನೇ ಇಟ್ಟುಕೊಂಡದ್ದು ಅವನ ಜಾಣತನ.

ಈಗ ಪುಣೆಗೆ ವಾಪಸ್. ಇಲ್ಲಿಯ ಕಥೆಗೆ ಒಳ್ಳೆಯ ಅಂತ್ಯ ಇಲ್ಲ.

ಖುರ್ಶೇದ್‌ಜಿ ಮೋದಿ ಎಂಬ ಪಾರ್ಸಿ ಗೃಹಸ್ಥರು ಕರ್ನಲ್ ಬ್ಯಾರಿ ಕ್ಲೋಸ್ ರೆಸಿಡೆಂಟ್ ಆಗಿದ್ದಾಗ ಸಂಗಮದ ರೆಸಿಡೆನ್ಸಿಯ ದೇಶೀ ಏಜೆಂಟ್. ಬರೀ ದುಭಾಷಿ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಪೇಶ್ವೆ ಎರಡನೇ ಬಾಜೀರಾವ್‌ಗೂ ರೆಸಿಡೆಂಟ್‌ಗೂ ನಡುವಿನ ಮಾತೆಲ್ಲ ಇವರ ಮೂಲಕವೇ. ಎರಡೂ ಮನೆಯ ಬಾಗಿಲಿನ ಕೀಲಿಕೈ ಒಬ್ಬರ ಹತ್ತಿರವೇ ಇದ್ದರೆ ಆ ಮನುಷ್ಯನ ಬೆಲೆ ಏನು ಎಂದು ಬಾಜೀರಾವ್‌ಗೆ ಚೆನ್ನಾಗಿ ಗೊತ್ತಿತ್ತು. ಆತ ಮೋದಿಯವರಿಗೆ ಒಂದು ಹುದ್ದೆ ಕೊಟ್ಟ. ಯಾವುದು ಗೊತ್ತೇ? ಕರ್ನಾಟಕದ ಸರಸುಭೇದಾರಿಕೆ. ಅಂದರೆ ಪೇಶ್ವೆಯ ಕೈಯಲ್ಲಿದ್ದ ಕನ್ನಡ ಸೀಮೆಯ ಕಂದಾಯದ ಮೇಲ್ವಿಚಾರಣೆ. ಇತ್ತ ಇಂಗ್ಲಿಷರ ಸಂಬಳ, ಅತ್ತ ಪೇಶ್ವೆಯ ಹುದ್ದೆ.

ಇಂದಿನ ಆಫೀಸಿನ ಭಾಷೆಯಲ್ಲಿ ಇದಕ್ಕೆ 'ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್' ಎನ್ನುತ್ತೇವೆ. ನಮ್ಮ ಅಜ್ಜಿಯಂದಿರು ಎರಡು ದೋಣಿಯ ಮೇಲೆ ಕಾಲು ಎನ್ನುತ್ತಿದ್ದರು. 1811ರಲ್ಲಿ ಮೌಂಟ್‌ಸ್ಟೂವರ್ಟ್ ಎಲ್ಫಿನ್‌ಸ್ಟನ್ ರೆಸಿಡೆಂಟ್ ಆಗಿ ಬಂದ. ಅವನಿಗೆ ಭಾಷೆ ಬರುತ್ತಿತ್ತು, ಪೇಶ್ವೆಯ ಜೊತೆ ನೇರವಾಗಿ ಮಾತಾಡಬಲ್ಲವನಾಗಿದ್ದ. ನಡುವೆ ನಿಂತವರ ಬೆಲೆ ಆ ದಿನದಿಂದ ಇಳಿಯತೊಡಗಿತು. ದರ್ಬಾರಿನಲ್ಲಿ ಮೋದಿಯವರಿಗೆ ಶತ್ರುಗಳಿಗೇನೂ ಕೊರತೆ ಇರಲಿಲ್ಲ, ದೂರುಗಳು ಬಂದವು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದ ಎಲ್ಫಿನ್‌ಸ್ಟನ್. ಮೋದಿ ರೆಸಿಡೆನ್ಸಿಯನ್ನು ಆರಿಸಿಕೊಂಡರು. ಕರ್ನಾಟಕದ ಸುಭೇದಾರಿಕೆ ಬಾಜೀರಾವ್‌ನ ಮೆಚ್ಚಿನ ತ್ರಿಂಬಕಜಿ ಡೇಂಗಳೆಯ ಪಾಲಾಯಿತು. ಆದರೂ ಮೋದಿಯವರಿಗೆ ನೆಮ್ಮದಿ ಸಿಗಲಿಲ್ಲ. ಕೊನೆಗೆ ಪುಣೆ ಬಿಟ್ಟು ಗುಜರಾತಿಗೆ ಹೊರಡುವುದೆಂದು ತೀರ್ಮಾನವಾಯಿತು. 1815ರಲ್ಲಿ, ಹೊರಡುವ ಹೊತ್ತಿಗೆ, ವಿಷದಿಂದ ತೀರಿಕೊಂಡರು. ತಾವೇ ಕುಡಿದರೋ, ಕುಡಿಸಿದರೋ, ಅಂದೂ ಬಗೆಹರಿಯಲಿಲ್ಲ. ಅದೇ ವರ್ಷ ಜುಲೈನಲ್ಲಿ ಬಡೋದೆಯ ಗಂಗಾಧರ ಶಾಸ್ತ್ರಿಗಳು ಪಂಢರಪುರದಲ್ಲಿ ಕೊಲೆಯಾದರು. ಅವರೂ ಮೊದಲು ಬಡೋದೆಯ ರೆಸಿಡೆಂಟ್‌ನ ದೇಶೀ ಏಜೆಂಟ್ ಆಗಿದ್ದು ಆಮೇಲೆ ಗಾಯಕವಾಡರ ಪರವಾಗಿ ಮಾತಾಡಲು ಬಂದವರು.

ಶಾಸ್ತ್ರಿಗಳ ಕೊಲೆಯ ಆರೋಪದಲ್ಲಿ ತ್ರಿಂಬಕಜಿಯನ್ನು ಠಾಣೆಯ ಕೋಟೆಯಲ್ಲಿಟ್ಟರು. ದೇಶೀ ಸಿಪಾಯಿಗಳು ಲಂಚಕ್ಕೋ ಅಭಿಮಾನಕ್ಕೋ ಬಿದ್ದಾರು ಎಂದು ಕಾವಲಿಗೆ ಬಿಳಿಯ ಸೈನಿಕರನ್ನೇ ಹಾಕಿದರು. ಅವರು ನಂಬಿಕೆಗೆ ಅರ್ಹರು, ಆದರೆ ಮರಾಠಿ ಬಾರದು. ಕೋಟೆಯಲ್ಲಿ ಸಾಹೇಬರೊಬ್ಬರ ಕುದುರೆ ನೋಡಿಕೊಳ್ಳಲು ಸೇರಿಕೊಂಡ ಮರಾಠಾ ಆಳೊಬ್ಬ ದಿನಾ ಕಿಟಕಿಯ ಕೆಳಗೆ ಕುದುರೆಗೆ ಮಾಲೀಸು ಮಾಡುತ್ತಾ ಹಾಡುತ್ತಿದ್ದ. ಕುದುರೆ ಎಲ್ಲಿದೆ, ಜನ ಎಲ್ಲಿ ಕಾದಿದ್ದಾರೆ ಎಂಬುದೆಲ್ಲ ಆ ಹಾಡಿನಲ್ಲೇ ಇತ್ತು. ಕಾವಲಿನವರು ಹಾಡು ಕೇಳುತ್ತಾ ನಿಂತರು, 1816ರ ಸೆಪ್ಟೆಂಬರಿನಲ್ಲಿ ತ್ರಿಂಬಕಜಿ ಪರಾರಿ! ಭಾಷೆ ಬಲ್ಲವರ ಮೇಲೆ ನಂಬಿಕೆ ಇಲ್ಲ, ನಂಬಿಕೆ ಇದ್ದವರಿಗೆ ಭಾಷೆ ಬಾರದು. 1817ರ ನವೆಂಬರಿನಲ್ಲಿ ಖಡಕಿಯ ಯುದ್ಧದ ದಿನ ಸಂಗಮದ ರೆಸಿಡೆನ್ಸಿ ಸುಟ್ಟು ಹೋಯಿತು, ಎಲ್ಫಿನ್‌ಸ್ಟನ್‌ನ ಪುಸ್ತಕಗಳೂ ಬೂದಿಯಾದವು.

ಇಲ್ಲಿಯವರೆಗೆ ಬಂದವರೆಲ್ಲ ಗಂಡಸರೇ. ದುಭಾಷಿಯನ್ನು ಆರಿಸಿದವರೂ, ದುಭಾಷಿಗಳೂ. ಹೆಂಗಸರ ಮಾತನ್ನು ದಾಟಿಸುತ್ತಿದ್ದವರು ಯಾರು? ಪರದೆಯೊಳಗಿನ ಹೆಂಗಸರ ಪರವಾಗಿ ಹೊರಗೆ ಮಾತಾಡುತ್ತಿದ್ದವರು ಮೈದುನ, ದಿವಾನ, ಗುಮಾಸ್ತ. ಆಸ್ತಿಯ ಕಾಗದವನ್ನು ಓದಿ ಹೇಳುವವನೂ ಅವನೇ, ಆ ಕಾಗದದಿಂದ ಲಾಭ ಪಡೆಯುವವನೂ ಎಷ್ಟೋ ಸಲ ಅವನೇ. ಮೋಸಗಳು ಎಷ್ಟು ಹೆಚ್ಚಿದವೆಂದರೆ ಬ್ರಿಟಿಷ್ ಕಾಲದ ನ್ಯಾಯಾಲಯಗಳು ಒಂದು ನಿಯಮವನ್ನೇ ಕಟ್ಟಬೇಕಾಯಿತು: ಪರದಾನಶೀನ್ ಹೆಣ್ಣಿನಿಂದ ಸಹಿ ಹಾಕಿಸಿಕೊಂಡ ಕಾಗದವನ್ನು ಮುಂದೊಡ್ಡುವವನೇ, ಆಕೆಗೆ ಅದನ್ನು ವಿವರಿಸಿ ಹೇಳಲಾಗಿತ್ತು, ಆಕೆಗೆ ಅದು ಅರ್ಥವಾಗಿತ್ತು ಎಂದು ಸಾಬೀತು ಮಾಡಬೇಕು. ಬರೀ ಹೆಬ್ಬೆಟ್ಟು ಸಾಲದು.

ಈ ಕೆಲಸಕ್ಕೆ ಹೆಣ್ಣೊಬ್ಬಳು ಬೇಕು ಎಂದು ಸರ್ಕಾರಕ್ಕೆ ಬರೆದು ಬರೆದು ಒಪ್ಪಿಸಿದವರು ನಮ್ಮ ಪುಣೆಯಲ್ಲೇ ಓದಿದ ಕಾರ್ನೇಲಿಯಾ ಸೊರಾಬ್ಜಿ. 1866ರಲ್ಲಿ ನಾಸಿಕದಲ್ಲಿ ಹುಟ್ಟಿದರು, ಡೆಕ್ಕನ್ ಕಾಲೇಜಿನಲ್ಲಿ ಕಲಿತು ಆಕ್ಸ್‌ಫರ್ಡ್‌ನಲ್ಲಿ ಕಾನೂನು ಪರೀಕ್ಷೆ ಬರೆದರು. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ಗೆ 'ಲೇಡಿ ಅಸಿಸ್ಟೆಂಟ್' ಆಗಿ ನೇಮಕವಾದರು. ಗಂಡಸು ಅಧಿಕಾರಿ ಕಾಲಿಡಲಾಗದ ಒಳಮನೆಗೆ ಹೋಗಿ, ರಾಣಿಯರು, ವಿಧವೆಯರು ಏನು ಹೇಳುತ್ತಾರೆಂದು ಅವರ ಬಾಯಿಂದಲೇ ಕೇಳಿ ಸರ್ಕಾರಕ್ಕೆ ಮುಟ್ಟಿಸುವುದು ಆ ಹುದ್ದೆಯ ಸಾರ. ಹೆಸರಿಗೆ ಕಾನೂನು ಸಲಹೆ, ಆದರೆ ಅರ್ಧ ಕೆಲಸ ದುಭಾಷಿಯದು. ಹೆಣ್ಣೆಂಬ ಕಾರಣಕ್ಕೆ ಅವರಿಗೆ ವಕೀಲಿ ಸನ್ನದು ಸಿಗಲು 1920ರ ದಶಕದವರೆಗೆ ಕಾಯಬೇಕಾಯಿತು ಎಂಬುದು ಬೇರೆ ಮಾತು.

ಇಂದಿನ ವೃತ್ತಿಗೆ ಅಚ್ಚು ಹಾಕಿದ್ದು ನ್ಯೂರೆಂಬರ್ಗ್. 1945ರಲ್ಲಿ ನಾಜಿ ನಾಯಕರ ವಿಚಾರಣೆ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ನಾಲ್ಕು ಭಾಷೆಗಳಲ್ಲಿ ಒಟ್ಟಿಗೇ ನಡೆಯಬೇಕಿತ್ತು. ಹನ್ನೆರಡು ಜನರ ಮೂರು ತಂಡ. ಪದವಿ ಇದ್ದವರು ಎಷ್ಟೋ ಜನ ಮೈಕಿನ ಮುಂದೆ ತಡವರಿಸಿ ವಾಪಸಾದರು. ಮಾತಾಡುವವರು ವೇಗ ಹೆಚ್ಚಿಸಿದರೆ ಹಳದಿ ದೀಪ, ನಿಲ್ಲಿಸಲು ಕೆಂಪು ದೀಪ. ಪ್ರಮಾಣಪತ್ರ ನೋಡಬೇಡ, ಕೂರಿಸಿ ಮಾತಾಡಿಸಿ ನೋಡು ಎಂಬ ಪದ್ಧತಿ ಗಟ್ಟಿಯಾದದ್ದು ಅಲ್ಲಿ.

ನಮ್ಮ ಆಫೀಸಿನಲ್ಲೂ ಮೊದಮೊದಲು ಕೇಳುತ್ತಿದ್ದದ್ದು ಜೆಎಲ್‌ಪಿಟಿ ಎನ್1 ಇದೆಯಾ, ಎನ್2 ಇದೆಯಾ ಅಂತ. ಪುಣೆಯಲ್ಲಿ ಜಪಾನಿ, ಜರ್ಮನ್ ಕಲಿತವರು ಹೇರಳ, ಅವರಲ್ಲಿ ಹೆಣ್ಣುಮಕ್ಕಳೂ ಬಹಳ. ಆದರೆ ಪರೀಕ್ಷೆ ಪಾಸಾದವರಿಗೆಲ್ಲ ಡೇಟಾಬೇಸ್ ಮೈಗ್ರೇಶನ್ ಬಗ್ಗೆ ಇಬ್ಬರು ಜಗಳವಾಡುವಾಗ ನಡುವೆ ಕೂತು ಹೇಳಲು ಬರುವುದಿಲ್ಲ. ಅನುಭವಸ್ಥ ದುಭಾಷಿ ತಾನೇ ನಮ್ಮನ್ನು ಪ್ರಶ್ನೆ ಕೇಳುತ್ತಾಳೆ: ಸ್ಲೈಡುಗಳನ್ನು ಮುಂಚೆ ಕೊಡುತ್ತೀರಾ, ಪದಪಟ್ಟಿ ಇದೆಯಾ, ಇಡೀ ದಿನವಾದರೆ ಜೊತೆಗೆ ಇನ್ನೊಬ್ಬರು ಇರುತ್ತಾರಾ? ಇವನ್ನು ಕೇಳದೆ ಬರೀ ರೇಟು ಹೇಳುವವರ ಬಗ್ಗೆ ನನಗೆ ಅನುಮಾನ. ಸಹಿ ಹಾಕಿಸುವ ಗೋಪ್ಯತೆಯ ಕರಾರು ಮಾತ್ರ ಖುರ್ಶೇದ್‌ಜಿಯ ಕಾಲದ ಅದೇ ಹಳೆಯ ಪ್ರಶ್ನೆ, ನೀನು ಯಾರ ಕಡೆ?

ಹಣ ಕೊಡುವವರಿಗೆ ಈ ಆಯ್ಕೆ ಇದೆ. ಇಲ್ಲದವರಿಗೆ? ಪುಣೆಯ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಎಷ್ಟು ಹೆಂಗಸರನ್ನು ನಾವು ನೋಡುತ್ತೇವೆ. ಕಳೆದ ವರ್ಷ ಒಂದು ಆಸ್ಪತ್ರೆಯ ಓಪಿಡಿ ಸಾಲಿನಲ್ಲಿ ನನ್ನ ಮುಂದೆ ಯಾದಗಿರಿ ಕಡೆಯ ಹೆಂಗಸೊಬ್ಬಳಿದ್ದಳು. ಜೊತೆಗೆ ಮರಾಠಿ ಶಾಲೆಗೆ ಹೋಗುವ ಹತ್ತು ಹನ್ನೊಂದು ವರ್ಷದ ಮಗ. ಅವನೇ ದುಭಾಷಿ. ಡಾಕ್ಟರು ಮುಟ್ಟಿನ ಬಗ್ಗೆ ಕೇಳಿದರು. ಹುಡುಗ ನೆಲ ನೋಡಿದ. "ಹೊಟ್ಟಿ ಬ್ಯಾನಿ ಐತಿ ಅಂತ ಹೇಳೋ" ಎಂದಳು ತಾಯಿ. ನಾನು ಕನ್ನಡದಲ್ಲಿ ಮಾತಾಡಿಸಿದೆ. ಹುಡುಗನನ್ನು ಹೊರಗೆ ಕಳಿಸಿದಳು. ಆಮೇಲೂ ತಕ್ಷಣ ಹೇಳಲಿಲ್ಲ. "ಅಕ್ಕಾರ, ನೀವು ನಮ್ಮ ಮಂದಿ ಯಾರಿಗೂ ಹೇಳಂಗಿಲ್ಲ ಹೌದಿಲ್ಲರೀ?" ಎಂದು ಕೇಳಿದಳು. ಇಲ್ಲವೆಂದ ಮೇಲೆ ಹೇಳಿದಳು: ಎರಡು ತಿಂಗಳಿಂದ ರಕ್ತ ಹೋಗುತ್ತಿತ್ತು. ಡಾಕ್ಟರು ಬರೆದಿದ್ದ ಚೀಟಿಯನ್ನು ಹರಿದು ಸ್ಕ್ಯಾನಿಗೆ ಬರೆದರು.

ಕೋರ್ಟಿನಲ್ಲಾದರೆ ಕಾನೂನು ಇದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ಹೇಳಿದರೆ ತಿಳಿಯುವ ಭಾಷೆಯಲ್ಲಿ ಅದನ್ನು ಅಲ್ಲೇ ಹೇಳಿಸಬೇಕು, ದುಭಾಷಿ ನಿಜವನ್ನೇ ಹೇಳಲು ಬದ್ಧ ಎಂದು 1973ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ದುಭಾಷಿಯಿಂದ ಪ್ರಮಾಣ ಮಾಡಿಸುತ್ತಾರೆ. ಆಸ್ಪತ್ರೆಯ ಓಪಿಡಿಯಲ್ಲಿ ಹಾಗೆ ಪ್ರಮಾಣ ಮಾಡಿ ಕೂರುವವರು ಯಾರೂ ಇಲ್ಲ. ಇರುವುದು ಮಗ, ಗಂಡ, ಮುಕಾದಮ್. ಅವರ ಮುಂದೆ ಹೇಳಲಾಗದ್ದನ್ನು ಕೇಳಿಸಿಕೊಳ್ಳಲು ಕನ್ನಡ, ಮರಾಠಿ ಎರಡೂ ಬಲ್ಲ ನಾವು ನಮ್ಮ ವೇದಿಕೆಯಲ್ಲೇ ಎಷ್ಟು ಜನ ಇದ್ದೇವೆ ಎಂದು ಮೊನ್ನೆ ವಾಟ್ಸ್ಯಾಪ್ ಗುಂಪಿನ ಹೆಸರುಗಳನ್ನು ನೋಡುತ್ತಾ ಲೆಕ್ಕ ಹಾಕಿದೆ. ನಲವತ್ತು ದಾಟಿತು.