ಬಿದರಿಯ ಬೆಳ್ಳಿ ಮತ್ತು ಕಡಲ ವ್ಯಾಪಾರ

ಬೀದರಿನ ಬಿದರಿ ಪಾತ್ರೆಗಳು ಬೆಳ್ಳಿ ಸಾಮಾನೆಂದೇ ಹೆಸರಾಗಿದ್ದರೂ ಅವುಗಳ ಒಡಲು ಸತುವಿನದು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೈಯಲ್ಲಿ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ (ತಾರ್‌ಕಶಿ) ತಗಡನ್ನೋ (ತಹ್‌ನಿಶಾನ್) ಬಡಿದು ಕೂರಿಸಲಾಗುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣು ಹಾಗೂ ನವಸಾಗರ ಕಲಸಿದ ನೀರು ತಾಗಿದಾಗ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದರಿಯನ್ನು ಕುರಿತು ಬರೆದವರು ಈ ಮಣ್ಣಿನ ಮಹಿಮೆಯನ್ನು ಹಾಡಿಹೊಗಳಿದಷ್ಟು ಲೋಹಗಳ ಮೂಲವನ್ನು ವಿಚಾರಿಸಿಲ್ಲ.

ಮೊಗಲ್ ದೂತ ಅಸದ್ ಬೇಗ್ 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ ಒಯ್ದ ತಂಬಾಕು ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂದ ಅಮೆರಿಕದ ಬೆಳೆ. ಅದನ್ನು ಸೇದುವ ಹುಕ್ಕಾದ ನೀರಿನ ಬುರುಡೆಯೇ ಮುಂದೆ ಬಿದರಿ ಕುಶಲಕರ್ಮಿಗಳ ಮುಖ್ಯ ತಯಾರಿಕೆಯಾಯಿತು. ತಂಬಾಕಿನಂತೆಯೇ ಅಮೆರಿಕದಿಂದ, ಪೊಟೊಸಿ ಮತ್ತು ಮೆಕ್ಸಿಕೊಗಳ ಗಣಿಗಳಿಂದ ಬಂದ ಬೆಳ್ಳಿಯನ್ನು ಯೂರೋಪಿನ ಕಂಪನಿಗಳು ಹತ್ತಿಬಟ್ಟೆಯ ಬೆಲೆಯಾಗಿ ಸೂರತ್ತಿಗೂ ಕೋರಮಂಡಲ ತೀರಕ್ಕೂ ತಂದು ಸುರಿಯುತ್ತಿದ್ದವು. ರಾಜಸ್ಥಾನದ ಜಾವರ್‌ನಲ್ಲಿ ಸತುವು ತೆಗೆಯುವ ವಿದ್ಯೆ ಹಳೆಯದೇ ಆದರೂ, ಡಚ್ಚರ ಮತ್ತು ಇಂಗ್ಲಿಷರ ಹಡಗುಗಳಲ್ಲಿ ಚೀನಾದ ಸತುವೂ ಬರುತ್ತಿತ್ತು. 1820ರ ದಶಕದಲ್ಲಿ ಜರ್ಮನ್ ಸೀಮೆಯ ಸೈಲೀಷಿಯಾದ ಅಗ್ಗದ ಸತುವು ಅದನ್ನು ಮಾರುಕಟ್ಟೆಯಿಂದ ಹೊರದೂಡಿತು. ಅಪ್ಪಟ ದೇಸಿಯೆಂದು ಕೊಂಡಾಡುವ ಕಸುಬೊಂದರ ಬೆನ್ನಿಗೆ ಮೂರು ಖಂಡಗಳ ವ್ಯಾಪಾರವಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳೂ 18ನೆಯ ಶತಮಾನದಲ್ಲಿ ನವಾಬರಂತೆ ಹುಕ್ಕಾ ಸೇದುತ್ತಿದ್ದರು. ಅವರ ಚಟ ಚುಟ್ಟಾದ ಕಡೆಗೆ ಹೊರಳಿದಾಗ ಬಿದರಿಗೆ ಒಂದು ವರ್ಗದ ಗಿರಾಕಿ ತಪ್ಪಿದರೂ, ಪಾನದಾನ, ಪೀಕದಾನಿ, ಕೈತೊಳೆಯುವ ಹೂಜಿಯಾದ ಆಫ್ತಾಬಾಗಳಿಗೆ ನಿಜಾಮರ ಸಂಸ್ಥಾನದಲ್ಲಿ ಬೇಡಿಕೆ ಉಳಿದಿತ್ತು. 1851ರ ಲಂಡನ್ ಮಹಾಪ್ರದರ್ಶನದ ಬಳಿಕ ಬಿದರಿಯು ವಿದೇಶಿ ಸಂಗ್ರಾಹಕರ ಕಣ್ಣಿಗೆ ಬಿದ್ದಿತು. ಜಾರ್ಜ್ ಬರ್ಡ್‌ವುಡ್ ಭಾರತದ ಕರಕುಶಲ ಕಲೆಗಳ ಕುರಿತ 1880ರ ತಮ್ಮ ಗ್ರಂಥದಲ್ಲಿ ಅದಕ್ಕೆ ಜಾಗ ಕೊಟ್ಟರು. ಆ ವೇಳೆಗೆ ವಾಡಿ, ನಾಲವಾರಗಳನ್ನು ಹಾಯುವ ಮುಂಬಯಿ ರೈಲುಮಾರ್ಗ 1871ರಲ್ಲಿ ರಾಯಚೂರನ್ನು ಮುಟ್ಟಿತ್ತು, 1874ರಲ್ಲಿ ನಿಜಾಮರ ರೈಲು ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿತ್ತು. ಹೈದರಾಬಾದಿನ ಅಂಗಡಿಗೂ ಮುಂಬಯಿಯ ಬಂದರಿಗೂ ನಡುವಿನ ಹಾದಿ ಹೀಗೆ ವಾಡಿಯ ಮೇಲೆಯೇ ಬಿದ್ದಿತು. ಹೊಸ ಗಿರಾಕಿಗಳಿಗಾಗಿ ಹೂದಾನಿ, ತಟ್ಟೆ, ಸಿಗರೇಟು ಡಬ್ಬಿಗಳು ತಯಾರಾದವು. ಹಳೆಯ ಹುಕ್ಕಾದ ದುಂಡು ಮೈಯನ್ನು ತುಂಬಿಕೊಳ್ಳುತ್ತಿದ್ದ ಹೂಬಳ್ಳಿಗಳು ಈ ಚಪ್ಪಟೆ ಮುಚ್ಚಳಗಳ ಮೇಲೆ ಇಕ್ಕಟ್ಟಾಗಿಯೇ ಕಾಣುತ್ತವೆ.